ಪಾಯಿಂಟ್ ಜರುಗಿಸೋದಾ, ಹತ್ತರಿಂದ ಗುಣಿಸೋದಾ? ಸೈಂಟಿಫಿಕ್ ನೊಟೇಶನ್ ಕಲಿಸೋ ಎರಡು ದಾರಿ

ಸೈಂಟಿಫಿಕ್ ನೊಟೇಶನ್ ಅಂದ್ರೆ ತುಂಬಾ ದೊಡ್ಡ ಅಥವಾ ತುಂಬಾ ಚಿಕ್ಕ ನಂಬರನ್ನ, 1ರಿಂದ 10ರ ಒಳಗಿನ ಒಂದು ನಂಬರ್ ಗುಣಿಸು ಹತ್ತರ ಘಾತ ಅಂತ ಬರೆಯೋದು. ಕಲಿಸೋ ದಾರಿಲಿ ಮೊದಲನೇದು ಎಲ್ರಿಗೂ ಗೊತ್ತಿರೋದೇ, ಪಾಯಿಂಟ್ ಎಷ್ಟು ಮನೆ ಜರುಗ್ತು ಅಂತ ಎಣಿಸೋದು. ಸೂರ್ಯನ ದೂರ ಸುಮಾರು 15,00,00,000 ಕಿಮೀ, ಎಂಟು ಮನೆ ಎಡಕ್ಕೆ ಬಂತು, 1.5×10⁸, ಮುಗೀತು. ಹತ್ತೇ ನಿಮಿಷದಲ್ಲಿ ಕ್ಲಾಸೆಲ್ಲಾ ಮಾಡ್ಬಿಡುತ್ತೆ, ಆದ್ರೆ ಮಾರನೇ ದಿನ 0.000007 ಕೊಟ್ಟು ನೋಡಿ (ಕೆಂಪು ರಕ್ತಕಣದ ಅಗಲ, ಮೀಟರಲ್ಲಿ, ಹೆಚ್ಚುಕಮ್ಮಿ ಇಷ್ಟೇ), ಪ್ಲಸ್ಸಾ ಮೈನಸ್ಸಾ ಅಂತ ತಲೆ ಕೆರ್ಕೊಂಡು ಕೂತಿರ್ತಾರೆ, ಯಾಕಂದ್ರೆ ಅವರ ಹತ್ರ ಇರೋದು ರೂಲ್ ಮಾತ್ರ.

ಇನ್ನೊಂದು, ಹತ್ತರಿಂದ ಗುಣಿಸೋದು, ಭಾಗಿಸೋದು. 7ನ್ನ ಹತ್ತು ಲಕ್ಷದಿಂದ ಭಾಗಿಸಿದ್ರೆ 0.000007, ಹತ್ತು ಲಕ್ಷ ಅಂದ್ರೆ 10⁶, ಹಾಗಾಗಿ 7×10⁻⁶. ಸ್ಲೋ ನಿಜ. ಆದ್ರೆ 12×10⁵ ಯಾಕೆ 1.2×10⁶ ಆಗುತ್ತೆ ಅಂತ ಅವರೇ ಹೇಳ್ತಾರೆ, 3×10⁴ಕ್ಕೆ 2×10³ ಕೂಡಿಸಿ 5×10⁷ ಅಂತ ತಪ್ಪಾಗಿ ಬರೆಯೋ ಚಾಳಿನೂ ಕಮ್ಮಿ ಆಗುತ್ತೆ.

ನನ್ನ ಕೇಳಿದ್ರೆ ಏಳು-ಎಂಟನೇ ಕ್ಲಾಸಿಗೆ ಎರಡನೇದ್ರಿಂದಾನೇ ಶುರು ಮಾಡಿ, ಪಾಯಿಂಟ್ ಟ್ರಿಕ್ ಅವರೇ ಕಂಡ್ಹಿಡೀಲಿ. ಹೈಸ್ಕೂಲಲ್ಲಿ ಟೈಮೇ ಇಲ್ಲ, ಕೆಮಿಸ್ಟ್ರಿಲಿ ಆಗ್ಲೇ 6.022×10²³ (ಒಂದು ಮೋಲ್‌ನಲ್ಲಿರೋ ಕಣಗಳ ಸಂಖ್ಯೆ) ಬಂದ್ಬಿಟ್ಟಿದೆ ಅಂದ್ರೆ ಟ್ರಿಕ್ಕೇ ಸರಿ, ಆದ್ರೆ ಪ್ರತಿ ಉತ್ತರಕ್ಕೂ "ನಂಬರ್ 1ಕ್ಕಿಂತ ಚಿಕ್ಕದಾ?" ಅಂತ ಕೇಳ್ತಾ ಇರಿ, ಚಿಕ್ಕದಾದ್ರೆ ಘಾತ ಮೈನಸ್. ಕ್ಯಾಲ್ಕುಲೇಟರಲ್ಲಿ ಬರೋ ಆ 'ಇ' (E) ಅಕ್ಷರಾನ (1.5E8 ಅಂದ್ರೆ 1.5×10⁸) ಮಾತ್ರ ಯಾವ ದಾರಿ ಹಿಡಿದ್ರೂ ಬೇರೆಯಾಗೇ ಹೇಳ್ಕೊಡ್ಬೇಕು.