ಸೋರಿಕೆ ಹುಡುಕಲು ಮೂವರನ್ನು ಕರೆಸಿದೆ: ಮೆಷಿನ್, ಕೆಮಿಕಲ್, ಕೈಪಂಪು

ಬನಶಂಕರಿಯಲ್ಲಿ ನಮ್ಮದು ಇಪ್ಪತ್ತೆರಡು ವರ್ಷದ ಮನೆ. ಕೆಳಗೆ ನಾವಿಬ್ಬರು, ಮೇಲೆ ಮಗ-ಸೊಸೆ. ಹೋದ ದೀಪಾವಳಿ ಆದಮೇಲೆ ನಮ್ಮ ಮಲಗುವ ಕೋಣೆಯ ಸೀಲಿಂಗ್ ಮೂಲೆಯಲ್ಲಿ ಅಂಗೈಯಗಲದ ಕಂದು ಕಲೆ ಕಾಣಿಸಿತು. ತಿಂಗಳೊಳಗೆ ಬಣ್ಣ ಉಬ್ಬಿ ಹಕ್ಕಳೆ ಏಳತೊಡಗಿತು. ಮುಟ್ಟಿದರೆ ಕೈಗೆ ಬಿಳಿ ಉಪ್ಪಿನಂಥ ಪುಡಿ. ಸರಿಯಾಗಿ ಅದರ ಮೇಲೆ ಮೊದಲ ಮಹಡಿಯ ಬಾತ್‌ರೂಮ್ ಇದೆ.

ಮೂರು ತಿಂಗಳಲ್ಲಿ ಮೂರು ಥರದವರನ್ನು ಕರೆಸಿದೆ. ಮೂವರಿಗೂ ದುಡ್ಡು ಕೊಟ್ಟೆ. ಕಾರಣ ಹಿಡಿದುಕೊಟ್ಟವರು ಒಬ್ಬರೇ.

ಮೊದಲು ಕರೆಸಿದ್ದು ಸೋರಿಕೆ ಪತ್ತೆ ಮಾಡುವ ಸರ್ವಿಸ್‌ನವರನ್ನು. "ಒಡೆಯದೇ ಕಂಡುಹಿಡಿಯುತ್ತೇವೆ" ಅನ್ನೋ ಮಾತು ಕೇಳಿ ಒಪ್ಪಿಕೊಂಡೆ. ಟೈಲ್ಸ್ ಒಡೆಸುವ ಭಯ ಯಾರಿಗಿಲ್ಲ ಹೇಳಿ? ಚಾರ್ಜು ₹7,000, ಮೇಲೆ 18% ಜಿಎಸ್‌ಟಿ, ಒಟ್ಟು ₹8,260. ಇಬ್ಬರು ಹುಡುಗರು ಬೆಳಗ್ಗೆ ಹತ್ತಕ್ಕೆ ಬಂದರು. ಮರ್ಯಾದಸ್ಥ ಹುಡುಗರೇ, ಚಪ್ಪಲಿ ಹೊರಗೇ ಬಿಟ್ಟು ಬಂದರು. ಒಬ್ಬರ ಕೈಯಲ್ಲಿ ಥರ್ಮಲ್ ಕ್ಯಾಮೆರಾ, ಇನ್ನೊಬ್ಬರ ಕಿವಿಯಲ್ಲಿ ಹೆಡ್‌ಫೋನ್, ಕೈಯಲ್ಲಿ ಗೋಡೆಗೆ ಒತ್ತಿ ಹಿಡಿಯುವ ಮೈಕು. ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಶವರ್ ಇರುವ ಗೋಡೆ ಸ್ಕ್ರೀನಿನಲ್ಲಿ ಕಡುನೀಲಿಯಾಗಿ ಕಂಡಿತು. "ಒಳಗಿನ ಪೈಪ್ ಇಲ್ಲೇ ಲೀಕ್ ಆಗ್ತಿದೆ ಮೇಡಂ" ಅಂದರು. ಸಂಜೆಗೆ ಹದಿನಾಲ್ಕು ಪುಟದ ರಿಪೋರ್ಟ್ ಬಂತು.

ಆ ಜಾಗದಲ್ಲಿ ಆರು ಟೈಲ್ಸ್ ಒಡೆಸಿದೆವು. ಪೈಪ್ ಒಣಗಿತ್ತು. ಎಲ್ಬೋ, ಜಾಯಿಂಟ್ ಯಾವುದರಲ್ಲೂ ಪಸೆ ಇಲ್ಲ. ಟಾರ್ಚ್ ಹಿಡಿದು ನಾನೇ ಬೆರಳಾಡಿಸಿ ನೋಡಿದೆ. ಸಿಮೆಂಟಿನ ಧೂಳು ಬಿಟ್ಟರೆ ಏನೂ ಸಿಗಲಿಲ್ಲ.

ಫೋನ್ ಮಾಡಿದರೆ, "ರಿಪೋರ್ಟಿನಲ್ಲಿ ಸಂಭವನೀಯ ಜಾಗ ಅಂತ ಬರೆದಿದ್ದೇವಲ್ಲ" ಅಂದರು. ತಿರುಗಿ ಬಂದು ನೋಡಲು ಇನ್ನೂ ₹2,500 ಕೇಳಿದರು. ನನಗೆ ನಿಜಕ್ಕೂ ಬೇಜಾರಾಯಿತು. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ಅವರು ತೋರಿಸಿದ ಜಾಗದಲ್ಲೇ ಒಡೆಸಿ, ಏನೂ ಸಿಗದೇ ಹೋದಾಗ ಬಂದು ನೋಡುವ ಜವಾಬ್ದಾರಿಯಾದರೂ ಅವರದ್ದಲ್ವಾ?

ತಪ್ಪಿದ್ದು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಆ ಕ್ಯಾಮೆರಾ ಗೋಡೆಯ ಒಳಗಿನ ನೀರನ್ನು ನೋಡುವುದಿಲ್ಲ. ಮೇಲ್ಮೈ ಎಷ್ಟು ಬಿಸಿ, ಎಷ್ಟು ತಂಪು ಅನ್ನೋದನ್ನಷ್ಟೇ ನೋಡುತ್ತದೆ. ಒದ್ದೆ ಗೋಡೆಯಿಂದ ನೀರು ಆವಿಯಾಗುವಾಗ ಗೋಡೆ ತಣ್ಣಗಾಗುತ್ತದೆ, ಸ್ಕ್ರೀನಿನಲ್ಲಿ ನೀಲಿಯಾಗುತ್ತದೆ. ಅವತ್ತು ಎಂಟು ಗಂಟೆಗೆ ಮಗ ಆ ಶವರ್‌ನಲ್ಲಿ ಸ್ನಾನ ಮಾಡಿದ್ದ! ಹಿಂದಿನ ದಿನದಿಂದ ಬಾತ್‌ರೂಮ್ ಒಣಗಿಸಿಡಿ ಅಂತ ಅವರು ಹೇಳಲೇ ಇಲ್ಲ. ಎಷ್ಟು ಹೊತ್ತಿಗೆ ನೀರು ಬಳಸಿದಿರಿ ಅಂತಲೂ ಕೇಳಲಿಲ್ಲ.

ಮೈಕಿನ ಕಥೆಯೂ ಅಷ್ಟೇ. ಪೈಪಿನಿಂದ ಒತ್ತಡದಲ್ಲಿ ನೀರು ಚಿಮ್ಮಿದರೆ ಮಾತ್ರ ಅದಕ್ಕೆ ಸದ್ದು ಕೇಳುವುದು. ನಮ್ಮಂಥ ಮನೆಗಳಲ್ಲಿ ಕಾವೇರಿ ನೀರು ಸಂಪಿಗೆ ಬಂದು, ಮೋಟರಿನಿಂದ ತಾರಸಿ ಟ್ಯಾಂಕಿಗೆ ಏರಿ, ಅಲ್ಲಿಂದ ತಾನಾಗಿ ಇಳಿಯುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಕೆಜಿ ಒತ್ತಡ (ಚದರ ಸೆಂಟಿಮೀಟರಿಗೆ). ನಮ್ಮ ಟ್ಯಾಂಕಿನಿಂದ ಶವರ್‌ಗೆ ಮೂರು ಮೀಟರ್. ಅಂದರೆ ಅದರ ಮೂರನೇ ಒಂದು ಪಾಲೂ ಇಲ್ಲ ಅನ್ನಿ. ಸಾಲದ್ದಕ್ಕೆ ಪೈಪು ಪ್ಲಾಸ್ಟಿಕ್ಕಿನದು, ಅದರಲ್ಲಿ ಲೋಹದ ಪೈಪಿನಷ್ಟು ಸದ್ದು ಸಾಗುವುದಿಲ್ಲ.

ಎರಡನೆಯವರು ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರ್. ನೋಡಲು ದುಡ್ಡಿಲ್ಲ. ಹತ್ತು ನಿಮಿಷ ನೋಡಿ, ಬಾತ್‌ರೂಮಿಗೂ ತಾರಸಿಗೂ ಕೆಮಿಕಲ್ ಹೊಡೆಯಲು ₹48,000 ಹೇಳಿದರು. ಎಲ್ಲಿಂದ ಸೋರುತ್ತಿದೆ ಅಂತ ಕೇಳಿದರೆ "ಎಲ್ಲಾ ಕವರ್ ಆಗುತ್ತೆ" ಅನ್ನೋದೇ ಉತ್ತರ. ಅಷ್ಟು ಧೈರ್ಯ ಬರಲಿಲ್ಲ. ₹5,500 ಕೊಟ್ಟು ನೆಲದ ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್ ಮಾತ್ರ ಹಾಕಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಕಲೆ ಮಾತ್ರ ಹಾಗೇ ದೊಡ್ಡದಾಗುತ್ತಾ ಹೋಯಿತು.

ಮೂರನೆಯವರು ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವರು ಹೇಳಿ ಕಳಿಸಿದ ಪ್ಲಂಬರ್. ಅರವತ್ತರ ಆಸುಪಾಸಿನವರು. ಚೀಲ ಕೆಳಗಿಡುವ ಮೊದಲೇ ಕೇಳಿದ್ದು ಇದು: "ಅಮ್ಮ, ಮೇಲೆ ನೀರು ಬಳಸಿದ ದಿನ ಜಾಸ್ತಿ ಆಗುತ್ತಾ, ಇಲ್ಲ ಯಾವಾಗ್ಲೂ ಒಂದೇ ಥರ ಇರುತ್ತಾ?"

ನಾನು ಯೋಚಿಸಿದೆ. ಸಂಕ್ರಾಂತಿಗೆ ಮಗ-ಸೊಸೆ ನಾಲ್ಕು ದಿನ ಊರಿಗೆ ಹೋಗಿದ್ದಾಗ ಕಲೆಯ ಅಂಚು ಒಣಗಿತ್ತು. ಅದನ್ನು ಹೇಳಿದೆ. "ಹಾಗಾದ್ರೆ ಟ್ಯಾಂಕ್ ಲೈನ್ ಆಗಿರಲಿಕ್ಕಿಲ್ಲ, ಅದ್ರಲ್ಲಿ ಇಪ್ಪತ್ನಾಲ್ಕು ಗಂಟೆ ನೀರಿರುತ್ತೆ. ಆದ್ರೂ ನೋಡೇ ಬಿಡೋಣ" ಅಂದರು.

ಅವತ್ತು ರಾತ್ರಿ ನಮ್ಮಿಂದಲೇ ಒಂದು ಪರೀಕ್ಷೆ ಮಾಡಿಸಿದರು, ಖರ್ಚಿಲ್ಲದ್ದು. ಎಲ್ಲರೂ ಮಲಗುವ ಮುಂಚೆ ಮೋಟರ್ ಆಫ್ ಮಾಡಿ, ಫ್ಲಶ್ ಟ್ಯಾಂಕಿನ ವಾಲ್ವ್ ಮುಚ್ಚಿ, ತಾರಸಿಯ ಸಿಂಟೆಕ್ಸಿನಲ್ಲಿ ಕೋಲಿಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕುವುದು. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ನೋಡುವುದು. ಸಾವಿರ ಲೀಟರ್ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು ಒಂಬತ್ತು-ಹತ್ತು ಲೀಟರ್ ಹೋಯಿತು ಅಂತ ಲೆಕ್ಕ. ನಮ್ಮದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಸಂಪಿನ ಮುಂದಿರುವ ಮೀಟರ್ ನೋಡಿ ಇದು ತಿಳಿಯುವುದಿಲ್ಲ, ಯಾಕೆಂದರೆ ಆ ಮೀಟರ್ ತಿರುಗುವುದು ಸಂಪು ತುಂಬುವಾಗ ಮಾತ್ರ.

ಆದರೆ ಸಣ್ಣ ಹನಿ ಇದಕ್ಕೆ ಸಿಕ್ಕುವುದಿಲ್ಲ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರ್ ಅಷ್ಟೇ. ಅದಕ್ಕೇ ಮಾರನೇ ದಿನ ಅವರು ಕೈಪಂಪು ತಂದರು. ಸಣ್ಣ ಡಬ್ಬಿ, ಒಂದು ಹಿಡಿ, ಒಂದು ಗೇಜು. ನಲ್ಲಿಗಳನ್ನು ಬಿಚ್ಚಿ ಆ ಬಾಯಿಗೆ ಡಮ್ಮಿ (ಮುಚ್ಚಳ) ಹಾಕಿ, ಲೈನಿಗೆ ಐದು ಕೆಜಿ ಒತ್ತಡ ಕೊಟ್ಟರು. ಒಂದು ಗಂಟೆ ಇಬ್ಬರೂ ಮುಳ್ಳನ್ನೇ ನೋಡುತ್ತಾ ಕೂತೆವು. ಪೈಪ್ ಸೋರುತ್ತಿದ್ದರೆ ಅದು ಇಳಿಯಬೇಕಿತ್ತು. ಅಲುಗಲಿಲ್ಲ. ಬಿಸಿನೀರಿನ ಲೈನೂ ಹಾಗೆಯೇ.

ಉಳಿದಿದ್ದು ನೀರು ಹೊರಹೋಗುವ ದಾರಿ. ನೆಲದ ಟ್ರ್ಯಾಪಿಗೆ, ಅಂದರೆ ಜಾಲರಿಯ ಕೆಳಗೆ ನೀರು ಇಳಿದುಹೋಗುವ ಬಟ್ಟಲಿಗೆ, ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಬಾತ್‌ರೂಮಿನಲ್ಲಿ ಎರಡಿಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ಬೆರೆಸಿದರು. ಇಪ್ಪತ್ನಾಲ್ಕು ಗಂಟೆ ಬಿಟ್ಟರೂ ಕೆಳಗೆ ಹೊಸ ಹನಿ ಇಲ್ಲ. ಅಂದರೆ ನೆಲ ಗಟ್ಟಿಯಾಗಿದೆ. ಆಮೇಲೆ ಬಟ್ಟೆ ಎಳೆದರು. ನೀರು ಒಂದೇ ಸಮ ಟ್ರ್ಯಾಪಿನಲ್ಲಿ ಇಳಿಯಿತು. ಒಂದೂವರೆ ಗಂಟೆಗೆ ನಮ್ಮ ಕೋಣೆಯ ಮೂಲೆಯಲ್ಲಿ ಹನಿ ಕೂಡಿತು. ಬಿಳಿ ಟಿಶ್ಯೂ ಒತ್ತಿದೆ, ತಿಳಿ ನೀಲಿ ಹತ್ತಿತು. ಆ ಟಿಶ್ಯೂ ಇನ್ನೂ ಇಟ್ಟುಕೊಂಡಿದ್ದೇನೆ.

ಟ್ರ್ಯಾಪು ಮತ್ತು ಪೈಪ್ ಸೇರುವ ಜಾಯಿಂಟ್ ಬಿಟ್ಟುಕೊಂಡಿತ್ತು. ಬಾತ್‌ರೂಮಿನ ನೆಲ ತಗ್ಗಿನಲ್ಲಿದ್ದು, ಅದರಲ್ಲಿ ಇಟ್ಟಿಗೆ ಚೂರು ತುಂಬಿರುತ್ತಾರೆ. ಸೋರಿದ ನೀರು ಆ ಚೂರುಗಳ ನಡುವೆ ನಿಂತು, ದಾರಿ ಸಿಕ್ಕಲ್ಲಿ ಇಳಿಯುತ್ತದೆ. ನಮ್ಮ ಕಲೆ ಟ್ರ್ಯಾಪಿನಿಂದ ನಾಲ್ಕಡಿ ದೂರದಲ್ಲಿತ್ತು. ಮೂರು ಟೈಲ್ಸ್ ತೆಗೆದು, ಹೊಸ ಟ್ರ್ಯಾಪ್ ಕೂರಿಸಿ, ಸುತ್ತ ವಾಟರ್‌ಪ್ರೂಫ್ ಕೋಟಿಂಗ್ ಕೊಟ್ಟು ಮುಚ್ಚಿದರು. ಪರೀಕ್ಷೆಗೆ ₹1,500, ರಿಪೇರಿಗೆ ಸಾಮಾನು ಸೇರಿ ₹7,400.

ಹಾಗಂತ ಮೆಷಿನ್ ಸುಳ್ಳು ಅಂತ ಹೇಳಲಾರೆ. ನನ್ನ ತಮ್ಮನ ಅಪಾರ್ಟ್‌ಮೆಂಟಿನಲ್ಲಿ ಪ್ರೆಶರ್ ಪಂಪ್ ಇದೆ. ಅಲ್ಲಿ ನೆಲದಡಿಯ ಬಿಸಿನೀರಿನ ಪೈಪ್ ಒಡೆದಾಗ ಇಂಥದ್ದೇ ಕ್ಯಾಮೆರಾದಲ್ಲಿ ಬಿಸಿಯ ಗೆರೆ ಸ್ಪಷ್ಟವಾಗಿ ಕಂಡು, ಒಂದೇ ಟೈಲ್ ಒಡೆದು ಕೆಲಸ ಮುಗಿಯಿತು. ಮೇಲಿನ ಮನೆ ಬೇರೆಯವರದ್ದಾದರೆ, ಅವರನ್ನು ಒಪ್ಪಿಸಲು ಫೋಟೋ ಇರುವ ರಿಪೋರ್ಟ್ ಬೇಕೇ ಬೇಕು. ಪ್ಲಂಬರ್ ದಾರಿಯಲ್ಲೂ ಕಷ್ಟ ಇದೆ. ಮೂರು ದಿನ ಬಾತ್‌ರೂಮ್ ಬಳಸುವ ಹಾಗಿಲ್ಲ, ಐದು ಕೆಜಿ ಒತ್ತಡಕ್ಕೆ ತೀರಾ ಹಳೇ ಪೈಪ್ ಒಡೆದೇ ಹೋಗಬಹುದು, ರಿಪೋರ್ಟೂ ಸಿಗುವುದಿಲ್ಲ.

ಆದರೂ ತಾರಸಿ ಟ್ಯಾಂಕಿನ ಮನೆಗೆ ನನ್ನ ಆಯ್ಕೆ ಕೈಪಂಪು ಮತ್ತು ನೀಲಿ ನೀರು. ಮೆಷಿನಿನವರನ್ನು ಕರೆಸುವುದೇ ಆದರೆ ಫೋನಿನಲ್ಲೇ ಎರಡು ಮಾತು ಕೇಳಿ. ಪೈಪಿಗೆ ಒತ್ತಡ ಕೊಟ್ಟು ನೋಡುತ್ತೀರಾ? ನೀವು ತೋರಿಸಿದ ಜಾಗದಲ್ಲಿ ಲೀಕ್ ಸಿಗದಿದ್ದರೆ ದುಡ್ಡು ಕೇಳದೇ ಮತ್ತೆ ಬರುತ್ತೀರಾ? ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ರಿಪೇರಿ ಆಗಿ ಏಳು ವಾರ ಆಯಿತು. ಇಟ್ಟಿಗೆ ಚೂರಿನಲ್ಲಿ ನಿಂತ ನೀರು ಆರಲು ತಿಂಗಳುಗಳೇ ಬೇಕು ಅಂದಿದ್ದಾರೆ. ಹಕ್ಕಳೆ ಕೆರೆಸಿ ಹಾಗೇ ಬಿಟ್ಟಿದ್ದೇನೆ. ಕಲೆಯ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೇನೆ. ಈವರೆಗೆ ಪಸೆ ಆ ಗೆರೆ ದಾಟಿಲ್ಲ.