ಹಳೇ ಮನೆ ರಿಪೇರಿ ಮಾಡಿಸಿ ಮೂರು ಮಳೆಗಾಲ ಕಳೆದ ಮೇಲೆ

ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಎಂಬತ್ತರ ದಶಕದಲ್ಲಿ ಕಟ್ಟಿಸಿದ ಮನೆ ನಮ್ಮದು. ಅಡುಗೆಮನೆ, ಕೆಳಗೊಂದು ಮಹಡಿಯಲ್ಲೊಂದು ಬಾತ್‌ರೂಮು, ವೈರಿಂಗು ಎಲ್ಲವನ್ನೂ ಹೊಸದಾಗಿ ಮಾಡಿಸಿದೆವು. ಒಡೆಯುವುದರಿಂದ ಹಿಡಿದು ಪೇಂಟಿಂಗ್‌ವರೆಗೆ ಪೂರ್ತಿ ಕೆಲಸವನ್ನು ಊರಿನ ಒಬ್ಬ ಕಾಂಟ್ರಾಕ್ಟರ್‌ಗೇ ಒಪ್ಪಿಸಿದ್ದೆವು. ಕೆಲಸ ಮುಗಿದ ವಾರ ಎಲ್ಲರ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಮೂರು ಮಳೆಗಾಲ ಕಳೆಯಲಿ ಅಂತ ಕಾದು ಈಗ ಬರೆಯುತ್ತಿದ್ದೇನೆ.

ಕೊಟೇಷನ್‌ನಲ್ಲಿ ಟೈಲ್ಸು, ಸಿಂಕು, ಕಮೋಡು ಎಲ್ಲದಕ್ಕೂ ಕಂಪನಿ ಹೆಸರು, ಮಾಡೆಲ್ ನಂಬರ್ ಇತ್ತು. ಗೋಡೆಯೊಳಗಿನ ಪೈಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಾತ್‌ರೂಮಿನ ಟೈಲ್ಸ್ ಒಡೆದ ದಿನ ಪ್ಲಂಬರ್ ನನ್ನನ್ನು ಕರೆದು ಒಂದು ತುಂಡು ಜಿಐ ಪೈಪ್ (ಸತು ಲೇಪಿಸಿದ ಹಳೇ ಕಬ್ಬಿಣದ ಪೈಪು) ಕೈಗೆ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಸುತ್ತಲೂ ಕಂದು ತುಕ್ಕು ಹಕ್ಕಳೆಗಟ್ಟಿ, ಮಧ್ಯೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಮಾತ್ರ ಉಳಿದಿತ್ತು. “ಸಾರ್, ಇದಕ್ಕೆ ಹೊಸ ಪೈಪ್ ಸೇರಿಸೋಕೆ ಹೋದ್ರೆ ಪುಡಿಯಾಗುತ್ತೆ. ಟ್ಯಾಂಕಿನಿಂದಲೇ ಬದಲಾಯಿಸಿಬಿಡಿ” ಅಂದರು. ಟ್ಯಾಂಕ್ ತುಂಬಿದ್ದರೂ ಶವರ್‌ನಲ್ಲಿ ನೀರು ಸಣ್ಣಗೆ ಬರುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಮನೆಯ ಪೈಪೆಲ್ಲ ಸಿಪಿವಿಸಿ, ಅಂದರೆ ತುಕ್ಕು ಹಿಡಿಯದ ಪ್ಲಾಸ್ಟಿಕ್ ಪೈಪು ಆಯಿತು, ಖರ್ಚೂ ಏರಿತು. ಹಳೇ ಮನೆ ಅಂದರೆ ಇದು ಆಗಿಯೇ ಆಗುತ್ತದೆ. ಬಜೆಟ್‌ನ ಐದನೇ ಒಂದು ಭಾಗವನ್ನು ಮುಟ್ಟದೆ ಪಕ್ಕಕ್ಕಿಡಿ. ಎಕ್ಸ್‌ಟ್ರಾ ಕೆಲಸಕ್ಕೆ ಅಡಿಗೆ ಎಷ್ಟು ರೇಟು, ಜಿಎಸ್‌ಟಿ ಸೇರಿದೆಯಾ, ಒಡೆದ ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಯಾರದ್ದು, ಇವೆಲ್ಲ ಮೊದಲೇ ಕಾಗದದ ಮೇಲೆ ಬರಲಿ.

ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆ ತೆಗೆದು ಓಪನ್ ಕಿಚನ್ ಮಾಡಬೇಕು ಅಂತ ನಮಗೆ ಆಸೆಯಿತ್ತು. ಅದು ಒಂಬತ್ತು ಇಂಚಿನ ಗೋಡೆ. ನಮ್ಮಂಥ ಪಿಲ್ಲರ್ ಇಲ್ಲದ ಇಟ್ಟಿಗೆ ಮನೆಗಳಲ್ಲಿ ಆರ್‌ಸಿಸಿ ಛಾವಣಿಯ ಭಾರ ಕೂರುವುದೇ ಅಂಥ ಗೋಡೆಗಳ ಮೇಲೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬೇಡ ಅಂದರು. ಅದರ ಬದಲು ಸ್ಟೋರ್‌ರೂಮಿನ ನಾಲ್ಕೂವರೆ ಇಂಚಿನ ಗೋಡೆ ತೆಗೆದು ಅಡುಗೆಮನೆ ದೊಡ್ಡದು ಮಾಡಿದೆವು. ಮೇಸ್ತ್ರಿ “ಏನಾಗಲ್ಲ ಸಾರ್” ಅಂದರೂ ಸರಿ, ಎಂಜಿನಿಯರ್ ಹೇಳುವ ತನಕ ದಪ್ಪ ಗೋಡೆಗೆ ಸುತ್ತಿಗೆ ಹಾಕಿಸಬೇಡಿ.

ಧೂಳಿನ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. ಗ್ರೈಂಡರ್ ಹಿಡಿದು ವೈರಿಂಗಿಗೆ ಗೋಡೆ ಕೊರೆಯುವ ದಿನಗಳಲ್ಲಿ ಮುಚ್ಚಿದ ಬೀರುವಿನೊಳಗೂ ಧೂಳು. ವರಾಂಡದಲ್ಲಿ ಒಂದು ಸ್ಟವ್ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದ ಅಮ್ಮ ಬೆಳಗಾದರೆ “ಇವತ್ತಾದ್ರೂ ನಲ್ಲೀಲಿ ನೀರು ಬರುತ್ತೇನಪ್ಪಾ?” ಅಂತ ಕೇಳುತ್ತಿದ್ದರು. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಒಡೆಯುವ ಕೆಲಸ ಮುಗಿಯುವವರೆಗಾದರೂ ಬೇರೆ ಕಡೆ ಇರುವುದು ಒಳ್ಳೆಯದು. ಯಾರೂ ಬಾರದ ದಿನಗಳೂ ಇರುತ್ತವೆ. ಗಾರೆ ಆದ ಮೇಲೆ ಒಂದು ವಾರವಾದರೂ ನೀರು ಹಾಕಿ ಕ್ಯೂರಿಂಗ್ ಮಾಡಬೇಕು. ಆಗ ಮನೆ ಖಾಲಿ ಇದೆ ಅಂತ ಜಗಳಕ್ಕೆ ಹೋಗಬೇಡಿ. ದೀಪಾವಳಿಗೆ ಊರಿಗೆ ಹೋದ ಬಡಗಿಗಳು ತಡವಾಗಿ ಬಂದದ್ದು ಮಾತ್ರ ನಿಜವಾಗಿ ಕಾಡಿತು. ಹಬ್ಬ ನೋಡಿಕೊಂಡು ಕೆಲಸ ಶುರು ಮಾಡಿಸಿ.

ಈಗ, ಇಷ್ಟು ಕಾಲ ಬಳಸಿದ ಮೇಲೆ ಯಾವುದು ಉಳಿಯಿತು?

ಮಹಡಿಯ ಬಾತ್‌ರೂಮಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪಿನ ಬಾಯಿ ಕಟ್ಟಿ, 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ರೂಮಿನ ಸೀಲಿಂಗ್ ತೇವ ಆಗಿಲ್ಲ ಅಂತ ತೋರಿಸಿಯೇ ಟೈಲ್ಸ್ ಹಾಕಿದರು. ಇವತ್ತಿಗೂ ಕೆಳಗೆ ಒಂದು ಕಲೆ ಇಲ್ಲ. ಅಲ್ಲಿ ಟೈಲ್ಸ್ ಸಂದಿಗೆ ತುಂಬಿದ ಎಪಾಕ್ಸಿ ಗ್ರೌಟ್ ಹಾಗೇ ಇದೆ. ಅಡುಗೆಮನೆ ನೆಲದ ಸಿಮೆಂಟ್ ಗ್ರೌಟ್ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ವೈರಿಂಗೂ ಅಚ್ಚುಕಟ್ಟು. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರ್‌ಗೆ 4 ಚದರ ಎಂಎಂ ತಂತಿ, ಜೊತೆಗೆ ಶಾಕ್ ತಡೆಯಲು, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ಚು. ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದು ಕೊಟ್ಟಿದ್ದರು. ಈಗ ಮೊಳೆ ಹೊಡೆಯುವಾಗಲೆಲ್ಲ ಆ ಫೋಟೋ ನೋಡುತ್ತೇವೆ.

ಬೇಸರ ತಂದದ್ದು ಮರದ ಕೆಲಸ. ವರ್ಷ ತುಂಬುವಷ್ಟರಲ್ಲಿ ಸಿಂಕ್ ಕೆಳಗಿನ ಕಪಾಟಿನ ತಳ ಉಬ್ಬಿ, ಅಂಚಿನ ಪಟ್ಟಿ ಬಿಟ್ಟುಕೊಂಡು, ಬಾಗಿಲು ಹಾಕಲಾಗದ ಹಾಗೆ ಆಯಿತು. ಹಲಗೆ ತೆಗೆಸಿ ನೋಡಿದರೆ ಐಎಸ್ 303, ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್‌ನ ಮುದ್ರೆ. ನಮಗೆ ಹೇಳಿದ್ದು ಐಎಸ್ 710, ಅಂದರೆ ನೀರು ತಡೆಯುವ ಮರೈನ್ ಪ್ಲೈವುಡ್. ದುಡ್ಡು ತೆಗೆದುಕೊಂಡದ್ದೂ ಅದಕ್ಕೇ. ಇದು ಸರಿಯಲ್ಲ. ಮತ್ತೆ ಮತ್ತೆ ಫೋನ್ ಮಾಡಿ, ಫೋಟೋ ಕಳಿಸಿದ ಮೇಲೆ ಬದಲಾಯಿಸಿಕೊಟ್ಟರು, ಆದರೆ ತಿಂಗಳುಗಟ್ಟಲೆ ಕಾಯಿಸಿದರು. ಲ್ಯಾಮಿನೇಟ್ ಅಂಟಿಸಿದ ಮೇಲೆ ಆ ಮುದ್ರೆ ಕಾಣುವುದಿಲ್ಲ. ಹಲಗೆ ಮನೆಗೆ ಬಂದು ಇಳಿದಾಗಲೇ ಒಂದೊಂದನ್ನೂ ನೋಡಿಕೊಳ್ಳಿ.

ಹಾಲ್‌ನ ಕೆಂಪು ನೆಲದ ವಿಷಯ ಬಿಡುವ ಹಾಗಿಲ್ಲ. ಅದನ್ನು ಕಿತ್ತು ಟೈಲ್ಸ್ ಹಾಕಿ ಅಂತ ಬಂದವರೆಲ್ಲ ಹೇಳಿದರು. ನಾವು ಒಪ್ಪಲಿಲ್ಲ. ಕೆಲಸದವರು ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಗೋಣಿತಾಟು ಹಾಕಿ ಕೊನೆಯವರೆಗೂ ಕಾಪಾಡಿದರು. ಈಗಲೂ ಬೇಸಿಗೆ ಮಧ್ಯಾಹ್ನ ಎಲ್ಲರೂ ಮಲಗುವುದು ಅದರ ಮೇಲೆಯೇ.

ದುಡ್ಡಿನ ವಿಷಯ ಒಂದಿದೆ. ಕೀಲಿ ಕೊಡುವ ಮೊದಲೇ ಪೂರ್ತಿ ಹಣ ಕೇಳುತ್ತಾರೆ. ಶೇ 10ರಷ್ಟನ್ನು ಒಂದು ಮಳೆಗಾಲ ಮುಗಿಯುವವರೆಗೆ ಹಿಡಿದಿಡುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿ. ಮಹಡಿಯ ರೂಮುಗಳ ಕೆಲಸ ನಮಗಿನ್ನೂ ಬಾಕಿ ಇದೆ. ಗಾರೆ, ಪ್ಲಂಬಿಂಗ್, ವೈರಿಂಗ್ ಈ ಕಾಂಟ್ರಾಕ್ಟರ್‌ಗೇ ಕೊಡುತ್ತೇವೆ. ಬಡಗಿ ಕೆಲಸ ಮಾತ್ರ ಬೇರೆಯವರಿಗೆ.