ಅಪ್ಪನ ಜೋಡುನಳಿಗೆಗೆ ಬೆಲೆ ಕಟ್ಟಿದ ಹುಬ್ಬಳ್ಳಿಯ ಅಂಗಡಿ

ಹುಬ್ಬಳ್ಳಿಯ ಈ ಬಂದೂಕಿನ ಅಂಗಡಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಕೋವಿ ಪರೀಕ್ಷಿಸಿದ ರೀತಿಗೆ ಪೂರ್ತಿ ಐದು, ಕೊಡಲು ಬಂದ ಬೆಲೆಗೆ ಎರಡು. ಹೆಸರು ಹಾಕುವುದಿಲ್ಲ, ಕೆಳಗೆ ಒಂದಿಷ್ಟು ಬೈಗುಳವೂ ಇದೆ. ಅಪ್ಪ ಕೋವಿಯ ತೋಟಾ ತರುತ್ತಿದ್ದದ್ದು ಅಲ್ಲಿಂದಲೇ ಎಂಬ ಒಂದೇ ಕಾರಣಕ್ಕೆ ನಾನೂ ಅಣ್ಣನೂ ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹೋದದ್ದು.

ಅಪ್ಪ ಬಿಟ್ಟುಹೋದದ್ದು ಎರಡು ಕೋವಿ. ಒಂದು ಸರ್ಕಾರಿ ಆರ್ಡನೆನ್ಸ್ ಫ್ಯಾಕ್ಟರಿಯ 12 ಬೋರಿನ ಒಂಟಿನಳಿಗೆ. ಇನ್ನೊಂದು ಅಜ್ಜನ ಕಾಲದ ವಿಲಾಯಿತಿ ಜೋಡುನಳಿಗೆ, ಹೊರಗೆ ಎರಡು ಕುದುರೆ, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆ, ಇರುವಂಥದ್ದು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಮನೆಯಲ್ಲಿ ಶಿಕಾರಿಯ ಮಾತು ಉಳಿಯಿತು, ಶಿಕಾರಿ ಉಳಿಯಲಿಲ್ಲ. ಜೋಡುನಳಿಗೆ ಹೊರಗೆ ಬರುತ್ತಿದ್ದದ್ದು ಆಯುಧಪೂಜೆಗೆ, ಬಿಟ್ಟರೆ ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟುಬರಲಿಕ್ಕೆ. ಅಣ್ಣನ ಹೆಸರಿನಲ್ಲಿ ಮೊದಲೇ ಒಂದು ಕೋವಿ ಇದೆ. 2019ರ ತಿದ್ದುಪಡಿಯಿಂದ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ ಎಂದಾದ್ದರಿಂದ ಅವನು ಇಟ್ಟುಕೊಳ್ಳಬಹುದಾದದ್ದು ಇವೆರಡರಲ್ಲಿ ಒಂದು. ತೋಟಕ್ಕೆ ಬರುವ ಮಂಗ ಹೆದರಿಸಲು ಒಂಟಿನಳಿಗೆ ಸಾಕೆಂದು ಅದಕ್ಕೆ ಅರ್ಜಿ ಹಾಕಿದ. ಮಾರಬೇಕಾದದ್ದು ಅಜ್ಜನದು.

ಅಂಗಡಿಯ ಯಜಮಾನರು ಮೊದಲ ಭೇಟಿಯಲ್ಲಿ ಕೋವಿಯ ಮಾತೇ ಎತ್ತಗೊಡಲಿಲ್ಲ. "ಅಕ್ಕಾರ, ಮೊದಲ ಕಾಗದ ತೋರಸ್ರಿ, ಬಂದೂಕು ಎಲ್ಲಿಗೂ ಓಡಿ ಹೋಗಂಗಿಲ್ಲ." ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಅಪ್ಪನ ಲೈಸೆನ್ಸ್ ಪುಸ್ತಕ, ಕೋವಿಯನ್ನು ಠಾಣೆಗೆ ಒಪ್ಪಿಸಿದ ರಸೀದಿ, ಹೀಗೆ ಒಂದೊಂದನ್ನೂ ಬೆರಳಿಟ್ಟು ಓದಿದರು. ಆ ಕೋವಿಗೆ ಲೈಸೆನ್ಸ್ ಇಲ್ಲದ ನಾವು ಮಾರುವುದು ಹೇಗೆ ಎಂಬ ಹೆದರಿಕೆ ನಮಗಿತ್ತು. ಆಯುಧ ಕಾಯ್ದೆಯ 21ನೇ ಕಲಮಿನಲ್ಲೇ ದಾರಿ ಇದೆ ಎಂದು ತಿಳಿಸಿದವರು ಅವರು. ಲೈಸೆನ್ಸುದಾರ ತೀರಿಕೊಂಡರೆ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಇಡಬೇಕು. ಹಾಗೆ ಇಟ್ಟಮೇಲೆ, ಅದನ್ನು ಹೊಂದಲು ಅರ್ಹತೆ ಇರುವವರಿಗೆ ಮಾರಿಸಿ ಹಣ ಪಡೆಯುವ ಹಕ್ಕು ವಾರಸುದಾರರಿಗಿದೆ. ಡಿಸಿ ಕಚೇರಿಗೆ ಕೊಡುವ ಅರ್ಜಿಯ ಒಕ್ಕಣೆಯನ್ನೂ ಅವರೇ ಹೇಳಿ ಬರೆಸಿದರು, ಅದಕ್ಕೆ ದುಡ್ಡು ಕೇಳಲಿಲ್ಲ. ಕಾರವಾರದಿಂದ ಕಾಗದ ಬಂದಮೇಲೆಯೇ ಕೋವಿ ಠಾಣೆಯಿಂದ ಅಂಗಡಿಗೆ ಹೋದದ್ದು.

ಪರೀಕ್ಷೆ ಮಾತ್ರ ನೋಡಿಯೇ ತಿಳಿಯಬೇಕು. ಮೊದಲು ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಕೋವಿ ಮಡಚಿ, ನಳಿಗೆಯನ್ನು ಬೇರೆ ಮಾಡಿದರು. ನಳಿಗೆಯ ಬುಡದ ಕೊಕ್ಕೆಯಲ್ಲಿ ಒಂದು ಬೆರಳು ಸಿಕ್ಕಿಸಿ ನೇತುಹಿಡಿದು, ಇನ್ನೊಂದು ಕೈಯ ಉಗುರಿನಿಂದ ಟಣ್ಣನೆ ಹೊಡೆದರು. ದೇವರಮನೆಯ ಗಂಟೆಯ ಹಾಗೆ ದನಿ ಎಳೆಯಿತು. ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ದನಿ ಬೊದ್ದಾಗುತ್ತದಂತೆ. ಆಮೇಲೆ ನಳಿಗೆಯನ್ನು ಕಿಟಕಿಗೆ ಹಿಡಿದು ಒಳಗಿನ ಬೆಳಕಿನ ಉಂಗುರಗಳನ್ನು ನನಗೆ ತೋರಿಸಿದರು. ಬಲಗಡೆಯದರಲ್ಲಿ ಬಾಯಿಯ ಹತ್ತಿರ ಒಂದು ಉಂಗುರ ಸೊಟ್ಟಗಿತ್ತು, ಅಲ್ಲಿ ತಗ್ಗು ಬಿದ್ದಿದೆ ಎಂದರ್ಥ. ಎಡಗಡೆಯದರಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳು. ನಮ್ಮ ಕರಾವಳಿಯ ಹವೆಗೆ, ಅದರಲ್ಲೂ ಚರ್ಮದ ಚೀಲದಲ್ಲೇ ಮಳೆಗಾಲ ಕಳೆದ ಕೋವಿಗೆ, ಇಷ್ಟು ಕಡಿಮೆಯೇ. ಕೊನೆಗೆ ನಳಿಗೆ ಮತ್ತೆ ಸೇರಿಸಿ, ಸಂದಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ, ಅಲ್ಲಾಡಿಸಿದರು. ಬಿಗಿಯಾಗಿತ್ತು.

ನಮ್ಮ ಮನೆಯಲ್ಲಿ ಅದು "ಲಂಡನ್ ಕೋವಿ". ನಳಿಗೆಯ ಮೇಲೆ ಹಾಗೇ ಕೆತ್ತಿದೆ, ಕಡಿಮೆಯೆಂದರೂ ಮೂರು ಲಕ್ಷ ಎಂದು ಚಿಕ್ಕಪ್ಪನ ಮಗ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದ. ಯಜಮಾನರು ನಳಿಗೆ ತಿರುಗಿಸಿ, ಅಡಿಯಲ್ಲಿದ್ದ ಕಿರೀಟದ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಅವು ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದವು, ಕೋವಿಯನ್ನು ಹಾರಿಸಿ ನೋಡಿ ಮುದ್ರೆ ಒತ್ತುವ ಜಾಗದವು. ಮೇಲಿನ ಕೆತ್ತನೆ ಮಾರಿದ ಅಂಗಡಿಯ ವಿಳಾಸ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿಸಿ ತಮ್ಮ ಹೆಸರು ಕೆತ್ತಿಸಿ ಮಾರುವ ಅಂಗಡಿಗಳು ಆಗ ಬೇಕಾದಷ್ಟಿದ್ದವು. ಸಮಾಧಾನವೆಂದರೆ ‘ಎನ್‌ಪಿ’ ಮುದ್ರೆ ಇತ್ತು, ಅಂದರೆ ಕರಿಮದ್ದಿಗಷ್ಟೇ ಅಲ್ಲ, ಈಗಿನ ತೋಟಾಗಳ ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆ ಆಗಿದೆ. ಬೆಲೆ ಇಳಿಸುವ ಸಂಗತಿ ಎಂದರೆ ತೋಟಾ ಕೂರುವ ಜಾಗ ಎರಡೂವರೆ ಇಂಚಿನದು, 70 ಮಿಲಿಮೀಟರಿನ, ಅಂದರೆ ಎರಡೂಮುಕ್ಕಾಲು ಇಂಚಿನ, ತೋಟಾ ಅದರಲ್ಲಿ ಹಾರಿಸಬಾರದು. ಕುದುರೆ ಹೊರಗಿರುವ ಕೋವಿಯನ್ನು ಈಗಿನವರು ಚಂದಕ್ಕೆ ಕೇಳುತ್ತಾರೆ, ಕೆಲಸಕ್ಕಲ್ಲ.

ಇಷ್ಟು ಚೆನ್ನಾಗಿ ವಿವರಿಸಿದ ಮನುಷ್ಯ ಹೇಳಿದ ಬೆಲೆ ₹35,000. ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಬೆಲೆ ಕಟ್ಟುವವರೂ ಅವರೇ, ಕೊಳ್ಳುವವರೂ ಅವರೇ. ತುಕ್ಕಿನ ಗುಳಿ ತೋರಿಸುವಾಗ ಇದ್ದ ಉತ್ಸಾಹ ಹಿಡಿಯ ಆಕ್ರೋಟ್ ಮರವನ್ನೋ ಬಿಗಿಯಾದ ಕೀಲನ್ನೋ ಹೊಗಳುವಾಗ ಇರಲಿಲ್ಲ. ಕೇಳಿದ್ದಕ್ಕೆ, "ಗಿರಾಕಿ ಸಿಗೂತನಕ ನನ್ನ ರೊಕ್ಕ ಕಪಾಟಿನ್ಯಾಗ ಕುಂದರತೈತ್ರಿ" ಎಂದರು. ಅದೂ ಸುಳ್ಳಲ್ಲ. ಕೊಳ್ಳುವವರಿಗೆ ಲೈಸೆನ್ಸ್ ಇರಬೇಕು, ಅದರಲ್ಲಿ ಇನ್ನೊಂದು ಕೋವಿಗೆ ಜಾಗ ಇರಬೇಕು, ಮೇಲೆ ಹಳೇ ಕೋವಿಯ ಹುಚ್ಚೂ ಇರಬೇಕು. ಅಂಥವರು ಎಷ್ಟು ಮಂದಿ?

ನಮಗೆ ಒಬ್ಬರು ಸಿಕ್ಕರು, ಸಿದ್ದಾಪುರದ ಕಡೆಯ ಅಡಿಕೆ ತೋಟದವರು, ಅಣ್ಣನ ಪರಿಚಯ. ಖಾಸಗಿಯಾಗಿ ಮಾರುವುದಾದರೆ ಕೊಳ್ಳುವವರ ಹೆಸರು ವಿಳಾಸ ಬರೆದು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ತಿಳಿಸಿ 45 ದಿನ ಕಾಯಬೇಕು. ಕಾದೆವು. ₹52,000ಕ್ಕೆ ಹೋಯಿತು. ಲೈಸೆನ್ಸ್ ಪುಸ್ತಕದ ಜೊತೆ ಅಪ್ಪ ಕಟ್ಟಿಟ್ಟಿದ್ದ ಚುನಾವಣೆಯ ಠಾಣಾ ರಸೀದಿಗಳ ಕಂತೆ ಆಗ ಕೆಲಸಕ್ಕೆ ಬಂತು. ಅದೇ ನಂಬರಿನ ಕೋವಿ ವರ್ಷಗಟ್ಟಲೆ ಒಂದೇ ಮನೆಯಲ್ಲಿತ್ತು ಎನ್ನುವುದಕ್ಕೆ ಕೊಳ್ಳುವವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ವ್ಯಾಪಾರ ಕೈತಪ್ಪಿದರೂ ಯಜಮಾನರು ಮುಖ ಸಿಂಡರಿಸಲಿಲ್ಲ. ಹಸ್ತಾಂತರದ ದಿನ ತಾವೇ ಎಣ್ಣೆ ಒರೆಸಿ ಕೊಟ್ಟರು. ಆದರೆ ಕೋವಿ ಇಟ್ಟುಕೊಂಡ ಬಾಡಿಗೆಯನ್ನು ತಿಂಗಳ ಲೆಕ್ಕದಲ್ಲಿ ಹಾಕಿದ್ದು ನಮಗೆ ಗೊತ್ತಾದದ್ದು ಬಿಲ್ಲು ಕೈಗೆ ಬಂದಾಗಲೇ. ಹೋಗುವವರು ಆ ದರವನ್ನು ಮೊದಲೇ ಬರೆಸಿಕೊಳ್ಳಿ. ಕೋವಿ ಬಂದಿದ್ದ ಹಳೇ ಚರ್ಮದ ಚೀಲಕ್ಕೆ, ತೊಳೆಯುವ ಸರಳಿಗೆ ಲೈಸೆನ್ಸ್ ಬೇಡ, ಅವಕ್ಕೆ ಬೇರೆಯೇ ಬೆಲೆ ಕೇಳಿ, ತಾವಾಗಿ ಹೇಳುವುದಿಲ್ಲ. ಹಳೇ ತೋಟಾ ಕಪಾಟಿನಲ್ಲಿ ಉಳಿದಿದ್ದರೆ ಅವೂ ಕೋವಿಯ ಜೊತೆಗೇ ಠಾಣೆಗೆ ಹೋಗಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ, ಘಟ್ಟದ ಕೆಳಗಿನವರು ಬೆಳಗಿನ ಬಸ್ಸೇ ಹಿಡಿಯಿರಿ.